ಸಿಂಗಾಪುರದಲ್ಲಿ ಚೆಲ್ಲಿದ ಚರಗ

“ನಿಮ್ಮ ಮನಿಯವ್ರು ಎಲ್ಲಿ ಉಳದಾರ್ರಿ, ಬಾಯಿ?”

ಸಿಂಗಾಪುರದ ವಿಮಾನ ನಿಲ್ದಾಣದಿಂದ ಹೊರಗೆ ಬಂದ ಸ್ನೇಹಲಳ ಕಿವಿಗೆ ಬಿದ್ದ ಮೊದಲ ಮಾತು ಇದು!

ತನ್ನೂರು ಹುಮನಾಬಾದಿನಲ್ಲಿ ಈ ಪ್ರಶ್ನೆ ಕೇಳಿ ಕೇಳಿ ಬೇಸತ್ತಿದ್ದಳು. ಸಮುದ್ರ ದಾಟಿ ಬಂದರೆ ಇಲ್ಲಿಯೂ ಅದೇ ಕಾದು ನಿಂತಿದೆಯಲ್ಲ…

ಕೇಳಿದವನು ಪ್ರವಾಸ ಕಂಪನಿಯ ಮ್ಯಾನೇಜರ್ ಮಹೇಶಕುಮಾರ. ಬಸವಕಲ್ಯಾಣದವನು. ಹಿಂದಿನ ತಂಡವನ್ನು ಊರಿಗೆ ಕಳಿಸಿ, ಹುಮನಾಬಾದ್ ಕಡೆಯ ಈ ಹೊಸ ತಂಡಕ್ಕಾಗಿ ಹಳದಿ ಬಾವುಟ ಹಿಡಿದು ನಿಂತಿದ್ದ. ಒಬ್ಬ ಮುದುಕಿಯನ್ನು ಬಿಟ್ಟರೆ ಉಳಿದವರೆಲ್ಲ ಗಂಡ ಹೆಂಡತಿ ಜೋಡಿಯಾಗಿ ಬಂದಿದ್ದರು. ಇವಳ ಹಿಂದೆ ಮಾತ್ರ ಯಾರೂ ಇರಲಿಲ್ಲ.

“ನನ್ನ ಮನಿಗಿ ನಾನೇ ಮನಿಯವ್ಳು,” ಎಂದಳು ಸ್ನೇಹಲ. “ಇನ್ನೂ ಏನರ ಕೇಳೋದದೇನು? ಇಲ್ಲಂದ್ರ ಮುಂದ ನಡೀರಿ!”

ಅವನು ಬೆಪ್ಪಾಗಿ ನಿಂತ. ಅವಳು ಚೀಲ ಎಳೆದುಕೊಂಡು ಅವನ ಬಾವುಟವನ್ನೂ ದಾಟಿ ಹೋಗಿಬಿಟ್ಟಳು.

ಗಂಡನ ಮನೆ ಬಿಟ್ಟು ಬಂದವಳು ಅವಳು. ಕೋರ್ಟಿನಲ್ಲಿ ವಿಚ್ಛೇದನವೂ ಆಗಿತ್ತು. ಅಣ್ಣ ಹಣಮಂತನ ಮನೆಯಲ್ಲಿದ್ದುಕೊಂಡು, ಹುಮನಾಬಾದ್ ಬಸ್ ನಿಲ್ದಾಣದ ಹಿಂದಿನ ಓಣಿಯಲ್ಲಿ ಟೇಲರ್ ಅಂಗಡಿ ನಡೆಸುತ್ತಿದ್ದಳು. ಊರಿನ ಹೆಂಗಸರೆಲ್ಲ ಸೀರೆಗೆ ಜಂಪರ್ ಹೊಲಿಸಲು ಅವಳ ಬಳಿಯೇ ಬರುವವರು. ಅಳತೆ ಕೊಡುತ್ತಲೇ ಕೇಳುವವರು… “ಮತ್ತ ಮುಂದ ಹ್ಯಾಂಗವ್ವಾ ನಿಂದು?”

ಅಣ್ಣ ಬೈದ, ಅತ್ತಿಗೆ ಮುಖ ತಿರುಗಿಸಿದಳು. ಆದರೂ ಸ್ವಂತ ದುಡಿಮೆಯಲ್ಲಿ ಈ ಪ್ರವಾಸಕ್ಕೆ ಹೊರಟು ಬಂದಿದ್ದಳು.

*ನಾನೂ ಜಗತ್ತು ನೋಡಬೇಕು. ಯಾರ ಬೆನ್ನ ಹಿಂದೆಯೋ ಅಲ್ಲ, ನನ್ನ ಕಣ್ಣಿನಿಂದಲೇ!*

ಅವಳ ಕೋಣೆಗೆ ಜೊತೆಯಾದವರು ಹುಲಸೂರಿನ ಮುದುಕಿ ಕಮಳಾಬಾಯಿ. ಸಿಂಗಾಪುರವನ್ನು ಕಂಡು ಆಕೆಯ ಬಾಯಿ ಮುಚ್ಚಲೇ ಇಲ್ಲ.

“ಅಯ್ಯ, ಮಾಳಿಗಿ ಮ್ಯಾಲ ಗಿಡ ಬೆಳಸ್ಯಾರಲ್ಲೇ ಯವ್ವಾ! ಬೇರು ಎಲ್ಲಿಗಿ ಇಳೀತಾವ?”

ರಸ್ತೆಗಳು ಆಗಷ್ಟೇ ತಿಕ್ಕಿ ತೊಳೆದ ತಾಟಿನಂತಿದ್ದವು. ಎಲ್ಲಿಯೂ ಹಾರ್ನ್ ಸದ್ದಿಲ್ಲ, ಗೋಡೆಯ ಮೇಲೆ ಒಂದು ಉಗುಳಿನ ಕಲೆಯಿಲ್ಲ.

ನೆಲದೊಳಗೆ ಓಡುವ ರೈಲಿಗೆ ಡ್ರೈವರ್ ಇಲ್ಲವೆಂದು ತಿಳಿದಾಗ ಕಮಳಾಬಾಯಿ ಕಂಬ ಹಿಡಿದು ನಿಂತೇಬಿಟ್ಟರು. “ನಾ ಏರಂಗಿಲ್ಲಪಾ! ನಮ್ಮ ಹುಲಸೂರ ಬಸ್ಸಿಗಿ ಡ್ರೈವರ್ ಇದ್ದೂ ಎಮ್ಮಿಗಿ ಬಡೀತದ. ಇದು ಎಲ್ಲಿಗಿ ಹೋಗಿ ಬಡೀತದೋ!”

“ಇಲ್ಲಿ ಎಮ್ಮಿ ಇಲ್ರಿ ಮಾವಶಿ, ಏರ್ರಿ,” ಎಂದು ಮಹೇಶಕುಮಾರ ಕೈ ಹಿಡಿದು ಹತ್ತಿಸಿದ. ರೈಲಿನ ಡಬ್ಬಿಯಲ್ಲಿದ್ದ ನಮ್ಮವರೆಲ್ಲ ನಕ್ಕರು.

ಸ್ನೇಹಲ ಮಾತ್ರ ಎದುರಿನ ಸೀಟಿನ ಹೆಣ್ಣುಮಗಳನ್ನೇ ನೋಡುತ್ತಿದ್ದಳು. ಅವಳದೇ ವಯಸ್ಸಿನವಳು. ಒಬ್ಬಳೇ. ನೋಯುವ ಕಾಲಿನಿಂದ ಚಪ್ಪಲಿ ಕಳಚಿ, ಗೋಡೆಗೆ ತಲೆಯಾನಿಸಿ ಕಣ್ಣು ಮುಚ್ಚಿದ್ದಳು. ಅವಳನ್ನು ಯಾರೂ ದಿಟ್ಟಿಸಲಿಲ್ಲ. ಎಲ್ಲಿಗೆ, ಯಾರ ಜೊತೆಗೆ, ಯಾಕೆ ಒಬ್ಬಳೇ ಎಂದು ಯಾರೂ ಕೇಳಲಿಲ್ಲ.

ಇಷ್ಟೇನಾ? ಇಷ್ಟು ಸಣ್ಣ ಸುಖಕ್ಕೆ ಇಷ್ಟು ದೂರ ಬರಬೇಕಾಯಿತಾ…?

ಸ್ನೇಹಲಳ ಕಣ್ಣು ತುಂಬಿ ಬಂತು.

“ಆರಾಮಿಲ್ಲೇನ್ರಿ?” ಮಹೇಶಕುಮಾರ ಮೆಲ್ಲಗೆ ಕೇಳಿದ.

“ಏ.ಸಿ. ಗಾಳಿ. ಕಣ್ಣಿಗಿ ಬಡೀತು.”

ಅವನು ಮತ್ತೇನೂ ಕೇಳಲಿಲ್ಲ. ಸುಮ್ಮನೆ ಒಂದು ಹೆಜ್ಜೆ ಸರಿದು, ತಂಡದವರ ಕಣ್ಣಿಗೆ ಅವಳು ಬೀಳದಂತೆ ಅಡ್ಡ ನಿಂತ. ಅವರ ಕಡೆಗೆ ಬೆನ್ನು, ಇವಳ ಕಡೆಗೂ ನೋಟವಿಲ್ಲ.

*ಇವನು ಅಷ್ಟು ಕೆಟ್ಟವನಲ್ಲ…* ಅನ್ನಿಸಿತು. ಅನ್ನಿಸಿದ್ದಕ್ಕೆ ತನ್ನ ಮೇಲೆಯೇ ಸಿಟ್ಟೂ ಬಂತು!

ಮರುದಿನ ಎಳ್ಳ ಅಮಾವಾಸ್ಯೆ.

ನಮ್ಮ ಕಡೆ ಆ ದಿನ ಮನೆಯಲ್ಲಿ ಯಾರೂ ಉಣ್ಣುವುದಿಲ್ಲ. ಸಜ್ಜೆ ರೊಟ್ಟಿ, ಕಾಳು ತರಕಾರಿಯ ಭಜ್ಜಿ, ಅಂಬಲಿ ಹೊತ್ತು ಹೊಲಕ್ಕೆ ಹೋಗುತ್ತಾರೆ. ಮೊದಲು ಭೂಮಿತಾಯಿಗೆ ಉಣಿಸಬೇಕು. ರೊಟ್ಟಿ ಮುರಿದು ಬೆಳೆಯ ನಡುವೆ ಚೆಲ್ಲುತ್ತ ಬರುವುದೇ ಚರಗ. ಆಮೇಲೆ ತಮ್ಮ ಊಟ.

ಕಮಳಾಬಾಯಿ ಊರಿನಿಂದಲೇ ಸಜ್ಜೆ ರೊಟ್ಟಿ ಕಟ್ಟಿ ತಂದಿದ್ದರು. ಯಾರಿಗೂ ಹೇಳಿರಲಿಲ್ಲ.

ಸಮುದ್ರದ ದಂಡೆಯ ದೊಡ್ಡ ತೋಟದಲ್ಲಿ ತಂಡದವರೆಲ್ಲ ಕಬ್ಬಿಣದ ಎತ್ತರದ ಮರಗಳ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು. ಮುದುಕಿ ಹಸಿರು ಕಂಡದ್ದೇ ತಡ, ಸೆರಗಿನೊಳಗಿಂದ ರೊಟ್ಟಿ ತೆಗೆದು ಮುರಿದು ಹುಲ್ಲಿನ ಮೇಲೆ ಚೆಲ್ಲುತ್ತ ನಡೆದರು!

“ಮಾವಶಿ, ಇಲ್ಲಿ ಹಾಂಗ ಚೆಲ್ಲಂಗಿಲ್ರಿ!” ಸ್ನೇಹಲ ಓಡಿ ಬಂದಳು.

“ಯಾಕ? ಇದು ಮಣ್ಣಲ್ಲೇನು? ದೇಶ ಬ್ಯಾರೆ ಆದ್ರ ಭೂಮಿತಾಯಿ ಹಸಿವಿ ಬ್ಯಾರೆ ಆಗ್ತದೇನು?”

ಅಷ್ಟರಲ್ಲಿ ಸಮವಸ್ತ್ರದ ಕಾವಲುಗಾರ ಬಂದೇಬಿಟ್ಟ. ಕಸ ಚೆಲ್ಲುವುದು ಇಲ್ಲಿ ಅಪರಾಧ ಎಂದ. ಯಾರು ಚೆಲ್ಲಿದ್ದು ಎಂದು ಕೇಳಿದ. ಕಮಳಾಬಾಯಿ ಕೈಯಲ್ಲಿದ್ದ ರೊಟ್ಟಿಯನ್ನು ಬೆನ್ನ ಹಿಂದೆ ಅಡಗಿಸಿದರು.

ಸ್ನೇಹಲ ಆ ಕೈಯಿಂದ ರೊಟ್ಟಿ ಕಿತ್ತುಕೊಂಡಳು. ತನಗೆ ಬಂದಷ್ಟೇ ಇಂಗ್ಲಿಷಿನಲ್ಲಿ, “ಮೈ ಮಿಸ್ಟೇಕ್. ಐ ಕ್ಲೀನ್,” ಎಂದು ಹುಲ್ಲಿನ ಮೇಲೆ ಕುಳಿತು ಒಂದೊಂದೇ ತುಣುಕು ಆರಿಸತೊಡಗಿದಳು.

ಭಯವೇನೋ ಇತ್ತು. ಆದರೂ ಒಳಗೊಳಗೇ ಹೆಮ್ಮೆ! ಪರದೇಶದಲ್ಲಿ ಒಬ್ಬಳೇ ಮುಂದೆ ನಿಂತು ಮಾತಾಡಿದ್ದಳು…

ಮಹೇಶಕುಮಾರ ಓಡೋಡಿ ಬಂದ. ಕಾವಲುಗಾರನ ಮುಂದೆ ಕೈ ಮುಗಿದು, “ಸರ್, ಶಿ ಈಸ್ ಮೈ ವೈಫ್. ಮದರ್ ಓಲ್ಡ್. ಟುಡೇ ಫೆಸ್ಟಿವಲ್ ಸರ್. ಸಾರಿ!” ಎಂದುಬಿಟ್ಟ.

ಕಾವಲುಗಾರ ಮುದುಕಿಯನ್ನು ನೋಡಿದ, ಸ್ನೇಹಲ ಆರಿಸುತ್ತಿದ್ದ ತುಣುಕುಗಳನ್ನು ನೋಡಿದ. ಇನ್ನೊಮ್ಮೆ ಮಾಡಬೇಡಿ ಎಂದು ಹೇಳಿ ಹೋದ.

ಸ್ನೇಹಲ ಎದ್ದು ನಿಂತಳು. ಮುಖ ಕೆಂಪಾಗಿತ್ತು.

“ಏನಂದ್ರಿ ನೀವು ಅವಂಗ?”

“ಬಾಯಿ, ಕುಟುಂಬ ಅಂದ್ರ ಲಗೂ ಬಿಡ್ತಾರ್ರಿ. ನಿಮ್ಮನ್ನ ಉಳಸಬೇಕಂತ…”

“ಉಳಸ್ರಿ ಅಂತ ನಾ ಕೇಳಿದ್ನಾ? ತಪ್ಪಾಗೇದ ಅಂತ ನನ್ನ ಬಾಯಿಲೇ ಒಪ್ಪಿದ್ದೆ. ನಾ ಆರಸಾಕತ್ತಿದ್ದೆ. ಅದರ ಮ್ಯಾಲ ನೀವು ಬಂದು ನನಗ ಒಬ್ಬ ಗಂಡನ್ನ ಹಚ್ಚಿದ್ರಿ! ಗಂಡ ಇಲ್ದ ಹೆಂಗಸಿನ ತಪ್ಪು ತಪ್ಪಲ್ಲೇನು? ಆಕಿ ಸಾರಿ ಸಾರಿ ಅಲ್ಲೇನು?”

ಅವನು ಬಗ್ಗಿ ಉಳಿದ ತುಣುಕುಗಳನ್ನು ಆರಿಸತೊಡಗಿದ.

ಪಕ್ಕದಲ್ಲಿ ಫೋಟೋ ತೆಗೆಯುತ್ತಿದ್ದ ತಂಡದ ಲಲಿತಾಬಾಯಿಗೆ ಕಿವಿ ಇತ್ತು, ಕೈಯಲ್ಲಿ ಮೊಬೈಲೂ ಇತ್ತು. ಹುಮನಾಬಾದಿನ ಕಾಳುಕಡಿಯ ಅಡತಿ ವ್ಯಾಪಾರಿಯ ಹೆಂಡತಿ ಆಕೆ. ‘ಟೇಲರ್ ಸ್ನೇಹಲಗ ಸಿಂಗಾಪುರದಾಗ ಗಂಡ ಸಿಕ್ಕಾನ’ ಎಂಬ ಸುದ್ದಿ, ವಿಡಿಯೋ ಸಮೇತ, ಇವರು ಊಟಕ್ಕೆ ಕೂರುವ ಮೊದಲೇ ಊರು ಮುಟ್ಟಿತು.

ಊರಿಗೆ ಮರಳಿದ ಮೇಲೆ ಅಂಗಡಿಗೆ ಬಂದವರೆಲ್ಲ ಮುಸಿಮುಸಿ ನಕ್ಕರು. ಕೆಲವರು ಬರುವುದನ್ನೇ ಬಿಟ್ಟರು.

ಹಣಮಂತ ಮಾತ್ರ ಹಗುರಾಗಿದ್ದ. “ಛಲೋನೇ ಆಯ್ತು ಬಿಡು. ಹ್ಯಾಂಗೂ ಹೆಂಡ್ತಿ ಅಂದಾನ, ಅವಂಗೂ ಲಗ್ನ ಆಗಿಲ್ಲಂತ, ಕಟ್ಟಿಬಿಡೋಣು. ಮಂದಿ ಬಾಯಿ ಮುಚ್ತದ. ಫೋನ್ ಹಚ್ಚಿದ್ದೆ, ಐತ್ವಾರ ಬರ್ತೀನಿ ಅಂದಾನ.”

“ಹೂಂ ಅಂದ್ನಾ?”

“ಬರ್ತೀನಂದ್ರ ಹೂಂ ಅಂದಂಗೇ ಅಲ್ಲೇನು?”

ಸ್ನೇಹಲ ಎದ್ದು ಒಳಗೆ ಹೋದಳು. *ಅವನೂ ಇಷ್ಟೇ… ಸುಳ್ಳು ಹೇಳಿದ, ಈಗ ಆ ಸುಳ್ಳಿಗೆ ತಾಳಿ ಕಟ್ಟಲು ಬರುತ್ತಿದ್ದಾನೆ.* ರೈಲಿನಲ್ಲಿ ಅಡ್ಡ ನಿಂತ ಆ ಬೆನ್ನು ನೆನಪಾಗಿ ಇನ್ನಷ್ಟು ಅಳು ಬಂತು.

ಆ ಭಾನುವಾರ ಅಂಗಳದಲ್ಲಿ ಚಾಪೆ ಹಾಸಿತ್ತು. ಓಣಿಯ ಹಿರಿಯರು ಕುಳಿತಿದ್ದರು. ಲಲಿತಾಬಾಯಿಯೂ ಗಂಡನ ಜೊತೆ ಬಂದಿದ್ದಳು. ಮಹೇಶಕುಮಾರ ಬಂದು ನಿಂತದ್ದೇ ಸ್ನೇಹಲ ಒಳಗಿನಿಂದ ಹೊರಗೆ ಬಂದಳು.

“ಎಲ್ಲಾರ ಮುಂದೂ ಹೇಳ್ತೀನಿ,” ಎಂದಳು. ದನಿ ನಡುಗಲಿಲ್ಲ. “ಒಂದು ಸುಳ್ಳು ಮುಚ್ಚಾಕ ನಾ ಲಗ್ನ ಆಗಂಗಿಲ್ಲ. ಮಂದಿ ನಗ್ಲಿ. ಅಂಗಡಿಗಿ ಬರೋದು ಬಿಡ್ಲಿ. ನಾ ಮಾಡಿದ ತಪ್ಪು ಇದ್ರ ಹೇಳ್ರಿ, ತಲಿ ಬಗ್ಗಸ್ತೀನಿ. ಇಲ್ಲಂದ್ರ ಬಗ್ಗಸಂಗಿಲ್ಲ!”

“ಏ ಹುಡುಗಿ, ಒಳಗ ನಡಿ!” ಹಣಮಂತ ಗದರಿದ.

“ಆಕಿ ಯಾಕ ಹೋಗ್ಬೇಕ್ರಿ?” ಎಂದ ಮಹೇಶಕುಮಾರ. ಇನ್ನೂ ಕೂತಿರಲಿಲ್ಲ ಅವನು. “ನಾ ಬರ್ತೀನಿ ಅಂದಿದ್ದೆ, ಲಗ್ನಕ್ಕ ಹೂಂ ಅಂದಿಲ್ಲ. ಬಂದಿದ್ದು ಒಂದು ಮಾತು ಹೇಳಾಕ. ಸುಳ್ಳು ನಂದು. ಮುದುಕಿ ಅಂಜಿ ನಿಂತಿದ್ಳು, ಈ ಬಾಯಿ ತಾನು ಮುಂದ ಹೋಗಿ ನನ್ನ ತಪ್ಪು ಅಂದ್ಳು. ನಮ್ಮ ಪೈಕಿ ಒಬ್ಬ ಗಂಡಸೂ ಆಗ ಅಲ್ಲಿ ಇರ್ಲಿಲ್ಲ. ಎಲ್ಲಾರೂ ಫೋಟೋದಾಗ ಇದ್ದಿವಿ. ಆಕಿ ಧೈರ್ಯದ ಮ್ಯಾಲ ನಾ ನನ್ನ ಸುಳ್ಳು ತಂದು ಕವಚಿ ಹಾಕ್ದೆ.”

ಮಹೇಶಕುಮಾರ ಜೇಬಿನಿಂದ ಮೊಬೈಲ್ ತೆಗೆದು ಹಿಡಿದ.

“ಇದನ್ನೇ ಪ್ರವಾಸದ ಗುಂಪಿಗಿ ನನ್ನ ದನಿಲೇ ಹಾಕೀನಿ, ಕಂಪನಿಗೂ ಹೇಳೀನಿ. ಸುಳ್ಳು ಹೇಳೋ ಮ್ಯಾನೇಜರ್ ಬ್ಯಾಡ ಅಂದ್ರು. ಅವ್ರು ಅಂದಿದ್ದು ಬರೋಬ್ಬರಿ ಅದ.” ಅವನು ಲಲಿತಾಬಾಯಿಯ ಕಡೆ ತಿರುಗಿದ. “ಅಕ್ಕಾ, ಆ ವಿಡಿಯೋ ಕಳಿಸಿದ ಮಂದಿಗೆಲ್ಲ ಇದೂ ಕಳಸ್ರಿ.”

ಲಲಿತಾಬಾಯಿ ಸೆರಗು ಸರಿಪಡಿಸಿಕೊಂಡಳು.

ಅವನು ಸ್ನೇಹಲಳಿಗೆ ಕೈ ಮುಗಿದ. “ಮಾಫ್ ಮಾಡ್ರಿ.” ಅಷ್ಟೇ. ಚಹಾವನ್ನೂ ಕುಡಿಯದೆ ಹೊರಟುಹೋದ.

ಸ್ನೇಹಲ ಬಾಗಿಲ ಚೌಕಟ್ಟು ಹಿಡಿದು ನಿಂತೇ ಇದ್ದಳು. ಹೋಗುವವನನ್ನು ಕರೆಯಬೇಕೆನ್ನಿಸಿತು… ಕರೆಯಲಿಲ್ಲ. ಇಂದು ಕರೆದರೆ ಅಂಗಳದವರು ಕರೆಸಿದಂತಾಗುತ್ತದೆ. ಕರೆಯುವುದಿದ್ದರೆ ಅದು ತನ್ನದೇ ಮಾತಾಗಬೇಕು.

ದಿನಗಳು ಹೋದವು. ಮಹೇಶಕುಮಾರನ ದನಿಯೂ ಊರೆಲ್ಲ ಹರಡಿತು. ಮುಖ ತಿರುಗಿಸಿದ್ದ ಹೆಂಗಸರು ಒಬ್ಬೊಬ್ಬರೇ ಬಟ್ಟೆ ಹಿಡಿದುಕೊಂಡು ಬಂದರು. ಸ್ನೇಹಲ ಮೊದಲಿನ ಹಾಗೆಯೇ ಅಳತೆ ತೆಗೆದಳು. ಮುಂದೆ ಹೇಗೆ ಎಂದು ಮಾತ್ರ ಯಾರೂ ಕೇಳಲಿಲ್ಲ. ಆದರೆ ಆ ಪ್ರಶ್ನೆಯನ್ನು ಈಗ ಅವಳೇ ತನ್ನನ್ನು ಕೇಳಿಕೊಳ್ಳುತ್ತಿದ್ದಳು.

ಒಂದು ಮುಂಜಾನೆ ಅಂಗಡಿಗೆ ಕೀಲಿ ಹಾಕಿ ಬಸವಕಲ್ಯಾಣದ ಬಸ್ ಹತ್ತಿದಳು. ರಾಜೇಶ್ವರ ದಾಟಿತು, ಸಸ್ತಾಪುರ ಬಂಗ್ಲಾ ಬಂತು. ಪಕ್ಕದವಳು ಒಬ್ಬಳೇ ಎಲ್ಲಿಗೆ ಎಂದು ಕೇಳಿದಾಗ, “ನನ್ನ ಕೆಲಸಕ್ಕ,” ಎಂದು ನಕ್ಕಳು.

ಕೋಟೆ ದಾರಿಯಲ್ಲಿ ಒಂದು ಸಣ್ಣ ಕೋಣೆ ಹಿಡಿದು ಮಹೇಶಕುಮಾರ ರೈಲು, ಬಸ್ಸಿನ ಟಿಕೆಟ್ ಮಾಡಿಕೊಡುವ ಕೆಲಸ ಶುರು ಮಾಡಿದ್ದ. ಹುಡುಕಿಕೊಂಡು ಬಂದು ಬಾಗಿಲಲ್ಲಿ ನಿಂತ ಅವಳನ್ನು ಕಂಡು ಕುರ್ಚಿಯಿಂದ ಎದ್ದವನ ಮೊಣಕಾಲು ಮೇಜಿಗೆ ಬಡಿಯಿತು.

“ಎಲ್ಲಿಗಿ ಟಿಕೆಟ್ ಬೇಕ್ರಿ?” ಎಂದ, ಗಾಬರಿಯಲ್ಲಿ.

“ಎಲ್ಲಿಗೂ ಬ್ಯಾಡ. ನಿಮ್ಮ ಹಂತೇಕೇ ಬಂದೀನಿ. ಒಂದು ಮಾತು ಕೇಳ್ತೀನಿ, ಖರೆ ಹೇಳ್ರಿ. ಅವತ್ತು ತೋಟದಾಗ ಆ ಮಾತು ಯಾಕ ಬಂತು ನಿಮ್ಮ ಬಾಯಿಲೇ? ತಂಗಿ ಅನ್ಬಹುದಿತ್ತು. ಪ್ರವಾಸಿ ಅನ್ಬಹುದಿತ್ತು.”

ಅವನು ಮೇಜಿನ ಮೇಲಿದ್ದ ಟಿಕೆಟುಗಳನ್ನು ಒಂದೊಂದಾಗಿ ಜೋಡಿಸಿಟ್ಟ.

“ಮನಸಿನಾಗ ಇದ್ದಿದ್ದು ಜಾರಿ ಬಂತ್ರಿ…” ಎಂದ ಕೊನೆಗೆ. “ಬಾವುಟ ಹಿಡ್ಕೊಂಡು ನಿಂತಿದ್ನಲ್ಲ, ಅದನ್ನ ದಾಟಿ ನೀವು ಹೋದ್ರಲ್ಲ… ಅವತ್ತಿಂದ.”

“ಮತ್ತ ಅದನ್ನ ಮದ್ಲು ನನಗ ಹೇಳ್ಬೇಕ್ರಿ! ಆ ಕಾವಲುಗಾರಗ ಹೇಳ್ತಾರೇನು?”

ಅವನಿಗೆ ನಗಬೇಕೋ ಅಳಬೇಕೋ ತಿಳಿಯಲಿಲ್ಲ. ಸ್ನೇಹಲ ಕುರ್ಚಿ ಎಳೆದುಕೊಂಡು ಕುಳಿತಳು.

“ಕೇಳ್ರಿ. ಅಣ್ಣ ಕಳಿಸಿಲ್ಲ, ಮಂದಿಗಿ ಅಂಜಿ ಬಂದಿಲ್ಲ. ಅಂಗಡಿ ಬಿಡಂಗಿಲ್ಲ ನಾ. ನನ್ನ ತಪ್ಪು ನಾನೇ ಒಪ್ತೀನಿ, ನನ್ನ ಮಾತು ನಾನೇ ಆಡ್ತೀನಿ. ಇದೆಲ್ಲ ನಿಮ್ಗ ನಡೀತದಂದ್ರ… ನನ್ನ ಕೂಡ ಲಗ್ನ ಆಗ್ತೀರೇನು?”

ಹೊರಗೆ ಆಟೋ ಒಂದು ಸದ್ದು ಮಾಡುತ್ತ ಹೋಯಿತು. ಅವನ ಕಣ್ಣಂಚು ಒದ್ದೆಯಾಗಿತ್ತು.

“ನಾ ಹೂಂ ಅಂದ್ರ ಮಂದಿ ಏನಂತಾರ ಗೊತ್ತದೇನ್ರಿ? ಅವತ್ತೇ ನಡದಿತ್ತು, ನಾಟಕ ಮಾಡಿದ್ರು ಅಂತಾರ.”

“ಅನ್ಲಿ.”

“ನಿಮ್ಮ ಅಣ್ಣ ಮತ್ತ ಬೈತಾನ.”

“ಬೈಲಿ. ನೀವು ಹೇಳ್ರಿ.”

“ಹೂಂ,” ಎಂದ ಅವನು. “ಹೂಂ ರೀ… ಹೂಂ!”

ಅವಳು ಮೊದಲ ಸಲ ಅವನೆದುರು ಕಣ್ಣೀರು ಒರೆಸಿಕೊಳ್ಳದೆ ಬಿಟ್ಟಳು. ಹರಿಯಲಿ ಎಂದು ಸುಮ್ಮನೆ ಕುಳಿತಳು.

“ಇನ್ನ ಮ್ಯಾಲ ಏನಂತ ಕರೀಲಿ ನಿಮ್ಗ?” ಎಂದು ಅವನು ಮೆಲ್ಲಗೆ ಕೇಳಿದ.

“ನನಗೊಂದು ಹೆಸರದ.”

“ಸ್ನೇಹಲಾ…”

“ಹಾಂ, ಹೇಳು.”