ಸೇತುವೆ ಕಡಿದವನಿಗೆ ಬಿಟ್ಟ ನೀರು

ಏಳು ಬೆಟ್ಟಗಳ ನೆರಳು ಒಂದೇ ಕೆರೆಯಲ್ಲಿ ಬೀಳುತ್ತಿದ್ದ ಕಾಲದಲ್ಲಿ ಅರಿಸಿನಗಿರಿಯೆಂಬ ರಾಜ್ಯವೊಂದಿತ್ತು. ಅದನ್ನು ಆಳುತ್ತಿದ್ದವನು ಅರಿಗಂಡರಾಯ. ಆ ರಾಯನಿಗೆ ಆನೆ ಕುದುರೆಗಳಿಗಿಂತ ಕತೆಯ ಮೇಲೆ ಹೆಚ್ಚು ಪ್ರೀತಿ. ದಿನವೂ ಸಂಜೆ ದೀಪ ಹಚ್ಚಿದ ಕೂಡಲೆ ಅರಮನೆಯ ಓದುಮಂಟಪದಲ್ಲಿ ವಾಚಕನು ಓಲೆಗರಿಯ ಕಟ್ಟನ್ನು ಬಿಚ್ಚಿ ‘ನೀಲಕೇತು ಚರಿತೆ’ಯನ್ನು ರಾಗವಾಗಿ ಓದುವನು. ರಾಯನು ಕೇಳುವನು, ಮಂತ್ರಿಯು ಕೇಳುವನು, ಬಾಗಿಲ ಕಾವಲುಗಾರನೂ ಕೇಳುವನು. ರಾಯನ ಪಕ್ಕದಲ್ಲಿ ವೀಳ್ಯದ ಅಡಪವನ್ನು ಹಿಡಿದು ನಿಲ್ಲುವ ಜಕ್ಕಲೆಯೂ ಕೇಳುವಳು.

ಆ ಕತೆಯಲ್ಲಿ ನೀಲಕೇತು ರಾಜಕುಮಾರ. ಅವನ ಕುದುರೆಯನ್ನು ನೋಡಿಕೊಳ್ಳುವವನು ತುಂಬಿಗ. ರಕ್ಕಸರ ದಂಡು ಬೆನ್ನಟ್ಟಿ ಬಂದಾಗ ತುಂಬಿಗನು ಕುಮಾರನನ್ನು ಬಿದಿರಿನ ಸೇತುವೆ ದಾಟಿಸಿ, ತಾನು ನಡುವೆ ನಿಂತು, ಕಾಲಡಿಯ ಹಗ್ಗವನ್ನು ತಾನೇ ಕಡಿದನು. ರಕ್ಕಸರು ಬಿದ್ದರು, ಅವನೂ ಬಿದ್ದನು. ಮುಂದಿನ ಗರಿಯಲ್ಲಿಯೇ ಕುಮಾರನ ಮದುವೆ. ಸಭೆಯೆಲ್ಲ ಚಪ್ಪರದ ವರ್ಣನೆಗೆ ತಲೆದೂಗುತ್ತಿರುವಾಗ, ಬಿದ್ದವನನ್ನು ಯಾರಾದರೂ ನೆನೆದಾರೆಂದು ಜಕ್ಕಲೆಯು ಕಾದಳು. ಯಾರೂ ನೆನೆಯಲಿಲ್ಲ.

ಮರುದಿನ ಮುಂಜಾನೆ ಅವಳು ನದಿಗೆ ಹೋಗಿ ತಲೆಗೆ ಮಿಂದು, ಅಂಗೈಯಲ್ಲಿ ಎಳ್ಳುನೀರು ಹಿಡಿದು, ತುಂಬಿಗನ ಹೆಸರು ಹೇಳಿ ಬಿಟ್ಟಳು. ಮನೆಗೆ ಬಂದು ಒಲೆ ಹೊತ್ತಿಸದೆ ಮೂಲೆಯಲ್ಲಿ ಕುಳಿತಳು. ಸೂತಕದವರು ಅಡಪವನ್ನು ಮುಟ್ಟುವಂತಿಲ್ಲ. ಆದುದರಿಂದ ಅರಮನೆಗೂ ಹೋಗಲಿಲ್ಲ.

ಸುದ್ದಿ ತಿಳಿದ ರಾಯನು ಪುರೋಹಿತ ಗೋಯಿಂದಭಟ್ಟನೊಡನೆ ತಾನೇ ಅವಳ ಬಾಗಿಲಿಗೆ ಬಂದನು.

“ಯಾರು ಹೋದರಮ್ಮ?”

“ತುಂಬಿಗ, ಮಹಾಸ್ವಾಮಿ.”

“ಯಾವ ಕೇರಿಯವನು?”

“ಕತೆಯವನು.”

ರಾಯನು ಪುರೋಹಿತನ ಮುಖ ನೋಡಿದನು. ಪುರೋಹಿತನು ಹೆಗಲ ವಸ್ತ್ರವನ್ನು ಸರಿಪಡಿಸಿಕೊಂಡನು. “ಸೂತಕಕ್ಕೆ ಸಂಬಂಧ ಬೇಕು ಮಗಳೇ. ಅವನು ನಿನಗೆ ಏನಾಗಬೇಕೆಂದು ತಿಳಿದರೆ ಎಷ್ಟು ದಿನವೆಂದು ಹೇಳಿಯೇನು. ಹುಟ್ಟದವನು ಸತ್ತರೆ ಎಷ್ಟು ದಿನವೆಂಬುದನ್ನು ನಮ್ಮ ಗುರುಗಳು ಹೇಳಿಕೊಡಲಿಲ್ಲ.”

“ನನಗೂ ತಿಳಿಯದು, ಭಟ್ಟರೇ. ಹುಟ್ಟಲಿಲ್ಲವೆಂದು ಬಲ್ಲೆ. ಆದರೂ ಅನ್ನ ಗಂಟಲಲ್ಲಿ ಇಳಿಯದು.”

“ಅದೇ ಕತೆಯನ್ನು ನಾನೂ ಕೇಳಿದೆ, ಊಟವನ್ನೂ ಮಾಡಿದೆ,” ಎಂದನು ರಾಯ. ಅಂದ ಮೇಲೆ ಅವನಿಗೇ ಏಕೋ ನಾಚಿಕೆಯಾಯಿತು. “ಮನಸ್ಸು ತಿಳಿಯಾದ ಮೇಲೆ ಬಾ,” ಎಂದು ಹೊರಟುಹೋದನು.

ಅವರು ಬೀದಿಯ ತಿರುವನ್ನು ದಾಟುವಷ್ಟರಲ್ಲಿ ಇನ್ನೊಬ್ಬನು ಬಂದು ಬಾಗಿಲಲ್ಲಿ ನಿಂತನು. ಮೈಯೆಲ್ಲ ಕಲ್ಲು, ಬಲಗೈ ಮಾತ್ರ ಮನುಷ್ಯರ ಕೈ.

“ತುಂಬಿಗನ ಹೆಸರಿನಲ್ಲಿ ನೀರು ಬಿಟ್ಟವರು ನೀವೋ, ಅಮ್ಮಣ್ಣಿ? ನಾನೇ ತುಂಬಿಗ,” ಎಂದನು ಅವನು. “ಕತೆಗಳಲ್ಲಿ ಸತ್ತವರಿಗೆ ನೀರು ಬಿಡುವವರಿಲ್ಲವಲ್ಲ. ಅಂಥವರನ್ನೆಲ್ಲ ಪಡುವಣ ಬೆಟ್ಟದ ಮಂತ್ರವಾದಿ ಬೂದಿಬೊಮ್ಮನು ಹಿಡಿದು, ಕಲ್ಲು ಮಾಡಿ, ಆಳುಗಳಾಗಿ ಇರಿಸಿಕೊಂಡಿದ್ದಾನೆ. ನೀವು ನೀರು ಬಿಟ್ಟಿರಿ. ಈ ಕೈ ಅವನ ಮಂತ್ರದಿಂದ ಬಿಟ್ಟುಕೊಂಡಿತು. ಅದಕ್ಕೆ ಸಿಟ್ಟಾಗಿ ನಿಮ್ಮನ್ನು ಕರೆತರಲು ಕಳುಹಿಸಿದ್ದಾನೆ. ನಾನು ನಿಮಗೆ ಏನಾಗಬೇಕೆಂದು ಹೇಳಿ, ನಿಮ್ಮವನೆಂದು ತೋರಿಸಿದರೆ ನನಗೆ ಬಿಡುಗಡೆ. ಸುಳ್ಳು ಹೇಳಿದರೆ ನೀವೂ ಕಲ್ಲು. ಬಾರದಿದ್ದರೆ ಈ ಕೈಯೂ ಮತ್ತೆ ಕಲ್ಲು.” ಆ ಕೈಯನ್ನು ನೋಡಿಕೊಂಡು ಮತ್ತೆ ಹೇಳಿದನು: “ಬರಬೇಡಿ ಎನ್ನಬೇಕೆಂದು ದಾರಿಯುದ್ದಕ್ಕೂ ಅಂದುಕೊಂಡೆ. ಆದರೆ ಎಷ್ಟೋ ಕಾಲದ ಮೇಲೆ ಮೂಗು ತುರಿಸಿಕೊಂಡೆ ನೋಡಿ. ಈ ಕೈಯ ಮೇಲೆ ಆಸೆಯಾಗಿಬಿಟ್ಟಿದೆ.”

ಜಕ್ಕಲೆಗೆ ನಗು ಬಂದಿತು, ಅಳುವೂ ಬಂದಿತು. ಯಾವುದು ಮೊದಲು ಬಂದಿತೆಂದು ತಿಳಿಯದೆ ಅವಳು ಎದ್ದು ಅವನ ಹಿಂದೆ ನಡೆದಳು.

ಪಡುವಣ ಬೆಟ್ಟದ ಮೊದಲ ಬಾಗಿಲಲ್ಲಿ ಸಿಂಹದ ಮೈಯ, ಆನೆಯ ಸೊಂಡಿಲಿನ ಯಾಳಿಯು ಮಲಗಿತ್ತು. “ಅವನು ನಿನ್ನ ಒಡಹುಟ್ಟಿದವನೋ?” ಎಂದು ಅದು ಕೇಳಿತು. ಜಕ್ಕಲೆಗೆ ಅಣ್ಣತಮ್ಮಂದಿರಿರಲಿಲ್ಲ. ತುಂಬಿಗನು ತನ್ನ ಪಾಲಿನ ಅನ್ನವನ್ನು ಬಡಕಲು ಕುದುರೆಗೆ ತಿನ್ನಿಸಿದ ಗರಿಯನ್ನು ಕೇಳಿದಾಗ, ಅಣ್ಣನಿದ್ದರೆ ಹೀಗೆಯೇ ಇರುತ್ತಿದ್ದನೆಂದು ಅವಳು ಅಂದುಕೊಂಡದ್ದುಂಟು. ಹೌದೆಂಬ ಮಾತು ನಾಲಗೆಯ ತುದಿಗೆ ಬಂದಿತ್ತು. “ಅಲ್ಲ,” ಎಂದಳು. ಬಾಗಿಲು ತೆರೆಯಿತು.

ಎರಡನೆಯ ಬಾಗಿಲಿಗೆ ನೀರು ತುಂಬಿದ ಅಗಳು. ಅದರಲ್ಲಿ ಮುದಿ ಮೊಸಳೆ. “ಹಾಗಾದರೆ ಮನಸ್ಸಿನಲ್ಲಿ ವರಿಸಿದ ಗಂಡನೋ?” ಎಂದು ಅದು ಕೇಳಿತು. ಒಂದು ಸಂಜೆ ಓದಿಗೆ ಹೊರಡುವ ಮುನ್ನ ಕಾರಣವಿಲ್ಲದೆ ಮಲ್ಲಿಗೆ ಮುಡಿದದ್ದು ಅವಳ ನೆನಪಿಗೆ ಬಂದಿತು.

“ಅಲ್ಲ.”

“ಕೊಂಚ ತಡವಾಗಿ ಹೇಳಿದೆ,” ಎಂದಿತು ಮೊಸಳೆ.

“ತಡವಾದರೂ ಅಲ್ಲವೇ.”

ಮೊಸಳೆಯು ಬೆನ್ನನ್ನು ಒಡ್ಡಿತು. ಅವಳು ಸೆರಗೆಲ್ಲ ತೊಯ್ದು ಆಚೆ ದಡವನ್ನು ಸೇರಿದಳು. ತುಂಬಿಗನು ಕಲ್ಲಿನ ಕಾಲುಗಳಿಂದ ಅಗಳಿನ ತಳದಲ್ಲಿಯೇ ನಡೆದು ಮೇಲೆದ್ದನು. ಏನೂ ಕೇಳಿಸದವನಂತೆ ಆಕಾಶವನ್ನು ನೋಡಿದನು.

ಮೂರನೆಯ ಬಾಗಿಲ ಮೇಲೆ ಹೆಣ್ಣು ಹದ್ದೊಂದು ಕುಳಿತಿತ್ತು. “ಮಗನಂತೆ ನೋಡಿದೆಯೋ?” ಎಂದು ಕೇಳಿತು. ಸೇತುವೆಯ ಮೇಲೆ ಅವನು ಚಳಿಗೆ ನಡುಗಿದನೆಂದು ವಾಚಕನು ಓದಿದಾಗ ಅವಳ ಕೈ ತಾನಾಗಿ ಸೆರಗನ್ನು ಚಾಚಿತ್ತು. “ನೋಡಿರಬಹುದು. ಆದರೆ ಅವನು ನನ್ನ ಮಗನಲ್ಲ,” ಎಂದಳು.

“ಮತ್ತೆ ಯಾರು?”

“ತಿಳಿಯದು.”

“ತಿಳಿಯದೆ ಇಷ್ಟು ದೂರ ಬಂದೆಯಾ?”

“ತಿಳಿದಿದ್ದರೆ ಮನೆಯಲ್ಲೇ ಕುಳಿತಿರುತ್ತಿದ್ದೆನೋ ಏನೋ.”

ಹದ್ದು ರೆಕ್ಕೆಯನ್ನು ಸರಿಸಿ ದಾರಿ ಬಿಟ್ಟಿತು.

ಒಳಗೆ ಸಾವಿರಾರು ಕಲ್ಲಿನ ಮನುಷ್ಯರು, ಕಲ್ಲಿನ ಕುದುರೆಗಳು. ನಡುವೆ ಬೂದಿಬೊಮ್ಮನು ಜಡೆಯನ್ನು ಹರಡಿಕೊಂಡು ಕುಳಿತಿದ್ದನು.

“ಬಾ ಮಗಳೇ. ಹೇಳು, ಇವನು ನಿನಗೆ ಏನಾಗಬೇಕು?”

“ಏನೂ ಆಗಬೇಕಿಲ್ಲ.”

“ಸುಳ್ಳು ಹೇಳಲಿಲ್ಲ, ಆದುದರಿಂದ ನೀನು ಕಲ್ಲಾಗಲಿಲ್ಲ. ಆದರೆ ನಿನ್ನವನೆಂದು ತೋರಿಸಲೂ ಇಲ್ಲ. ಯಾರಿಗೂ ಏನೂ ಆಗದವನು ನನ್ನವನು. ಆ ಕೈಯನ್ನು ಇತ್ತ ಕೊಡು ತುಂಬಿಗ.”

ತುಂಬಿಗನ ಬೆರಳುಗಳು ಒಂದೊಂದಾಗಿ ಕಲ್ಲಾಗತೊಡಗಿದವು. ಜಕ್ಕಲೆಯು ದಿಕ್ಕುಗಾಣದೆ ನಿಂತಳು. ಆಗ ಅವಳಿಗೆ ತೀರಿಹೋದ ತಂದೆಯ ನೆನಪಾಯಿತು. ವರ್ಷಕ್ಕೊಮ್ಮೆ ಅವನು ಹೊಳೆಯಲ್ಲಿ ನಿಂತು ಹಿರಿಯರ ಹೆಸರುಗಳನ್ನೆಲ್ಲ ಹೇಳಿ ನೀರು ಬಿಟ್ಟಾದ ಮೇಲೆ, ತಾಯಿತಂದೆಗಳಿಲ್ಲದವರಿಗೆ, ಬಂಧುಬಳಗವಿಲ್ಲದವರಿಗೆ ಎಂದು ಉಟ್ಟ ಬಟ್ಟೆಯ ತುದಿಯನ್ನು ಹಿಂಡಿ ಕೊನೆಯದಾಗಿ ಒಂದಿಷ್ಟು ನೀರು ಬಿಡುತ್ತಿದ್ದನು. ಅದು ಯಾರಿಗಪ್ಪ ಎಂದು ಅವಳು ಕೇಳಿದಾಗ, “ಯಾರೋ ಏನೋ ಮಗಳೇ, ಅವರಿಗೂ ಬಾಯಾರಿಕೆ ಇರುತ್ತದಲ್ಲ,” ಎಂದಿದ್ದನು.

ಜಕ್ಕಲೆಯು ತೊಯ್ದ ಸೆರಗನ್ನು ಎರಡೂ ಕೈಗಳಿಂದ ಹಿಡಿದಳು.

“ತಡೆ,” ಎಂದು ಬೂದಿಬೊಮ್ಮನು ಮೇಲೆದ್ದನು. “ಇವರೆಲ್ಲರ ಹೆಸರಾದರೂ ನಿನಗೆ ಗೊತ್ತೇ?”

“ಗೊತ್ತಿಲ್ಲ,” ಎಂದು ಅವಳು ಸೆರಗನ್ನು ಹಿಂಡಿದಳು.

ನೀರು ನೆಲಕ್ಕೆ ಬಿದ್ದಿತು. ಕಲ್ಲುಗಳು ಉಸಿರು ಬಿಟ್ಟವು. ಅರ್ಧ ಸಾಲಿನಲ್ಲಿ ಸತ್ತ ಕಾಲಾಳುಗಳು, ಹೆಸರಿಲ್ಲದ ಅಡುಗೆಯವರು, ಬಾಣ ತಾಗಿ ಬಿದ್ದ ಕುದುರೆಗಳು ಎಲ್ಲ ಮೈಕೊಡವಿ ಎದ್ದರು. ಆಳುಗಳ ಬಲವೇ ತನ್ನ ಬಲವಾಗಿದ್ದ ಮಂತ್ರವಾದಿಯು ಅಲ್ಲಿಯೇ ಬೂದಿಯ ಗುಡ್ಡೆಯಾಗಿ ಕುಸಿದನು. ಎದ್ದವರೆಲ್ಲ ತಮ್ಮ ತಮ್ಮ ಕತೆಗಳಿಗೆ ಹೊರಟರು. ತುಂಬಿಗನೊಬ್ಬನು ಉಳಿದನು.

“ನಾನು ಹೋಗದಿದ್ದರೆ ಮುಂದಿನ ಓದಿನಲ್ಲಿ ಸೇತುವೆಯ ಮೇಲೆ ಯಾರೂ ಇರುವುದಿಲ್ಲ; ಕುಮಾರನನ್ನು ರಕ್ಕಸರು ಕೊಲ್ಲುತ್ತಾರೆ,” ಎಂದನು. “ಇರು ಎಂದರೆ ಇರುತ್ತೇನೆ, ಅಮ್ಮಣ್ಣಿ.”

ಅವನು ಬದುಕಬೇಕೆಂದು ಬಂದವಳು ಜಕ್ಕಲೆ. ಆದರೆ ಸೇತುವೆಯನ್ನು ಬಿಟ್ಟು ಬಂದವನು ಅವಳ ತುಂಬಿಗನೇ ಆಗಿರುವನೇ? “ಇರು ಎನ್ನಲಾರೆ, ಹೋಗು ಎನ್ನಲಾರೆ. ನನ್ನನ್ನು ಕೇಳಬೇಡ,” ಎಂದಳು.

ತುಂಬಿಗನು ನಕ್ಕನು. “ಹಾಗಾದರೆ ನಾನೇ ಹೇಳುತ್ತೇನೆ. ಹಗ್ಗ ಕಡಿದೇ ಬರುತ್ತೇನೆ. ಬಿದ್ದವನನ್ನು ಹಿಡಿದು ಕಲ್ಲು ಮಾಡಲು ಈಗ ಕೆಳಗೆ ಯಾರೂ ಇಲ್ಲ. ಈಜಿ ದಡ ಹತ್ತುವೆನು. ಏನು ಅಡುಗೆ ಮಾಡುವಿರಿ?”

“ಹುರುಳಿ ಸಾರು,” ಎಂದಳು ಅವಳು, ಬೇರೇನೂ ತೋಚದೆ.

ಅಂದಿನಿಂದ ಅರಿಸಿನಗಿರಿಯಲ್ಲಿ ಬೂದಿಬೊಮ್ಮನ ಭಯವಿಲ್ಲ. ರಾಯನು ಸುಖವಾಗಿದ್ದನು, ಪ್ರಜೆಗಳು ಸುಖವಾಗಿದ್ದರು. ಸೇತುವೆಯ ಗರಿಯನ್ನು ಓದುವ ದಿನ ಜಕ್ಕಲೆಯು ಅನ್ನಕ್ಕೆ ಎಸರಿಟ್ಟು, ಸಾರು ಕುದಿಸಿ, ಎರಡು ಎಲೆಗಳನ್ನು ತೊಳೆದಿಟ್ಟೇ ಮಂಟಪಕ್ಕೆ ಬರುವಳು. ಅವನು ಬಂದೇ ಬರುವನೆಂದು ಬಲ್ಲಳು. ಆದರೂ ವಾಚಕನು ತುಂಬಿಗನು ಹಗ್ಗ ಕಡಿದನೆಂದು ಓದಿದೊಡನೆ, ಮೊದಲ ಸಲ ಕೇಳಿದವಳಂತೆ ಬಿಕ್ಕಿ ಬಿಕ್ಕಿ ಅಳುವಳು. ಏಕೆಂದು ಅವಳಿಗೂ ತಿಳಿಯದು. ಈಗೀಗ ರಾಯನೂ ಅಳುವನು.

ಓದು ಮುಗಿದು ಅವಳು ಮನೆಗೆ ಬಂದರೆ, ಜಗಲಿಯ ಮೇಲೆ ಒದ್ದೆ ಬಟ್ಟೆಯನ್ನು ಹಿಂಡುತ್ತ ಒಬ್ಬನು ಕುಳಿತಿರುವನು.

“ಯಾರಮ್ಮ ಅವರು? ನಿನಗೆ ಏನಾಗಬೇಕು?” ಎಂದು ನೆರೆಮನೆಯ ಅಜ್ಜಿ ಪ್ರತಿ ಸಲವೂ ಕೇಳುವಳು.

ಜಕ್ಕಲೆಯು ಪ್ರತಿ ಸಲವೂ ಅವನ ಮುಖ ನೋಡಿ ಯೋಚಿಸುವಳು. ಉತ್ತರ ಹೊಳೆಯದು. “ಹಸಿದಿದ್ದಾರೆ ಅಜ್ಜಿ, ಆಮೇಲೆ ಹೇಳುತ್ತೇನೆ,” ಎಂದು ಎಲೆ ಹಾಕುವಳು.