ಹನ್ನೆರಡು ಹಣ್ಣಿನ ಬೇಗಲ್

“ನನ್ನ ಬಾಟ್ಲಿ ತೊಳೆದಿದ್ದು ಯಾರು?”

ಆ ಕೂಗಿಗೆ ಪಕ್ಕದ ಕೋಣೆಯ ಹೊಲಿಗೆ ಮೆಷಿನ್ ಗಕ್ಕನೆ ನಿಂತಿತು. ಬಟ್ಟೆ ಹೊಲಿಯುತ್ತಿದ್ದ ಅಮ್ಮ ತುಟಿಯಲ್ಲಿ ಕಚ್ಚಿಕೊಂಡಿದ್ದ ಗುಂಡುಪಿನ್ನು ತೆಗೆದಿಟ್ಟು ಅಡುಗೆಮನೆಗೆ ಓಡಿಬಂದಳು.

ಸಿಂಕಿನ ಮುಂದೆ ಮೆಣಸು ನಿಂತಿದ್ದಳು. ಕೈಯಲ್ಲಿ ಫಳಫಳ ಹೊಳೆಯುವ ಗಾಜಿನ ಬಾಟಲಿ. ಕಣ್ಣಲ್ಲಿ ನೀರು. ವಯಸ್ಸು ಹತ್ತು, ಆಳು ಚೋಟುದ್ದ, ಮಾತು ಮಾತ್ರ ಖಾರ. ಅದಕ್ಕೇ ಮನೆಯಲ್ಲೂ ಶಾಲೆಯಲ್ಲೂ ಅವಳು ಎಲ್ಲರಿಗೂ ಮೆಣಸು.

“ನಾನೇ ತೊಳೆದೆ,” ಎಂದ ಅಣ್ಣ, ಒದ್ದೆ ಕೈಯನ್ನು ಚಡ್ಡಿಗೆ ಒರೆಸಿಕೊಳ್ಳುತ್ತಾ. “ಇವತ್ತು ಪಾತ್ರೆ ತೊಳೆಯೋ ಸರದಿ ನಂದು. ಮುಚ್ಚಳ ತೆಗೆದ್ರೆ ಹುಳಿ ಹುಳಿ ವಾಸನೆ. ಕೆಟ್ಟೋಗಿದೆ ಅಂದ್ಕೊಂಡೆ.”

“ಕೆಟ್ಟಿರಲಿಲ್ಲ! ಹುಳಿ ಬರ್ಲಿ ಅಂತಾನೇ ಇಟ್ಟಿದ್ದು!”

ಲೈಬ್ರರಿಯ ಪುಸ್ತಕ ನೋಡಿ ಮೂರು ವಾರದಿಂದ ಅವಳು ಆ ಬಾಟಲಿಯಲ್ಲಿ ಹುಳಿ ಹಿಟ್ಟು ಸಾಕುತ್ತಿದ್ದಳು. ದಿನಾ ಬೆಳಿಗ್ಗೆ ಒಂದು ಚಮಚ ಮೈದಾ, ಒಂದು ಚಮಚ ನೀರು. ಅಷ್ಟೇ. ಹಿಟ್ಟು ನಿಧಾನವಾಗಿ ಹುಳಿ ಬಂದು ಗುಳ್ಳೆ ಏಳುತ್ತದೆ. ಅದನ್ನು ಸ್ವಲ್ಪ ಸೇರಿಸಿ ಕಲಸಿಟ್ಟರೆ ಬ್ರೆಡ್ಡಿನ ಹಿಟ್ಟು ತಾನೇ ಉಬ್ಬುತ್ತದೆ.

ಶನಿವಾರ ಶಾಲೆಯಲ್ಲಿ ‘ನಮ್ಮ ಕೈಯಡುಗೆ’ ದಿನ, ಮಕ್ಕಳು ತಾವೇ ಮಾಡಿದ ತಿಂಡಿ ತರಬೇಕು. ಟೀಚರ್ ಹತ್ತಿರ ಅವಳು ಆಗಲೇ ಬರೆಸಿದ್ದಳು: ಹಣ್ಣಿನ ಬೇಗಲ್, ಹನ್ನೆರಡು.

“ಬೇಗಲ್ ಅಂದ್ರೇನು?” ಎಂದು ಕ್ಲಾಸಿನಲ್ಲಿ ಯಾರೋ ಕೇಳಿದ್ದರು.

“ಬಳೆ ಥರ ಬ್ರೆಡ್ಡು. ಮೊದ್ಲು ನೀರಲ್ಲಿ ಕುದಿಸಿ, ಆಮೇಲೆ ಓವನ್‌ಗೆ ಹಾಕೋದು. ಯೀಸ್ಟ್ ಪ್ಯಾಕೆಟ್ ಇಲ್ಲ, ನನ್ನ ಹುಳಿ ಹಿಟ್ಟಲ್ಲೇ ಮಾಡ್ತೀನಿ.”

“ಹಲ್ಲು ಮುರಿಯೋ ಕಲ್ಲು ತರ್ತಾಳೆ, ನೋಡ್ತಿರಿ!” ಎಂದು ಹಿಂದಿನ ಬೆಂಚಿನ ರೇಡಿಯೋ ಇಡೀ ಕ್ಲಾಸನ್ನು ನಗಿಸಿದ್ದ. ಆ ಹುಡುಗನ ಬಾಯಿಗೆ ಬೀಗವೇ ಇಲ್ಲ, ಅದಕ್ಕೇ ಆ ಹೆಸರು.

ಇವತ್ತು ಮಂಗಳವಾರ. ಬಾಟಲಿ ಖಾಲಿ.

“ಅಂಗಡೀಲಿ ಯೀಸ್ಟ್ ಸಿಗುತ್ತೆ ಪುಟ್ಟಾ,” ಎಂದಳು ಅಮ್ಮ. “ಅದನ್ನ ಹಾಕು, ಒಂದೆರಡು ಗಂಟೇಲಿ ಉಬ್ಬುತ್ತೆ. ಯಾರಿಗೂ ಗೊತ್ತಾಗಲ್ಲ.”

“ನಂಗೆ ಗೊತ್ತಾಗುತ್ತಲ್ಲಮ್ಮ.”

ಅಮ್ಮ ಸೆರಗಿನಿಂದ ಅವಳ ಕಣ್ಣೊರೆಸಿದಳು.

ಅಷ್ಟರಲ್ಲಿ ಅಣ್ಣ ಕಟ್ಟೆಯ ಮೇಲಿಂದ ಏನನ್ನೋ ಎತ್ತಿಕೊಂಡ. ಬಾಟಲಿಯ ಮುಚ್ಚಳ! ಅದನ್ನಿನ್ನೂ ತೊಳೆದಿರಲಿಲ್ಲ. ಒಳಗಿನ ಅಂಚಿನಲ್ಲಿ ಉಗುರಿನಷ್ಟು ಹಿಟ್ಟು ಒಣಗಿ ಅಂಟಿತ್ತು.

“ಇದು ಸಾಕಾ?” ಎಂದು ಮೆಲ್ಲಗೆ ಕೇಳಿದ.

ಸಾಕೋ ಸಾಲದೋ ಪುಸ್ತಕದಲ್ಲಿ ಇರಲಿಲ್ಲ. ಮೆಣಸು ಮೂಗು ಒರೆಸಿಕೊಂಡು ಅದನ್ನು ಚಮಚದ ತುದಿಯಿಂದ ಕೆರೆದಳು. ಉಗುರುಬೆಚ್ಚಗಿನ ನೀರಲ್ಲಿ ನೆನೆಸಿ, ಒಂದು ಚಮಚ ಹಿಟ್ಟು ಕಲಸಿದಳು. ಅಣ್ಣ ಸ್ಟೂಲು ಹತ್ತಿ ಬಾಟಲಿಯನ್ನು ಫ್ರಿಜ್ಜಿನ ತಲೆಯ ಮೇಲೆ, ಹಿಂದುಗಡೆ ಇಟ್ಟ. “ಇಲ್ಲಿ ಬೆಚ್ಚಗಿರುತ್ತೆ,” ಎಂದ.

ಬುಧವಾರ ಏನೂ ಆಗಲಿಲ್ಲ. ಹಿಟ್ಟು ಗೋಂದಿನ ಹಾಗೆ ತಳದಲ್ಲಿ ಬಿದ್ದುಕೊಂಡಿತ್ತು. ಆದರೂ ಅವಳು ಅದಕ್ಕೆ ಹಿಟ್ಟು, ನೀರು ಹಾಕಿದಳು. ಗುರುವಾರ ಬೆಳಿಗ್ಗೆಯೂ ಅದೇ ಕತೆ. ಸಂಜೆ ಬಾಟಲಿಯನ್ನು ಕಿಟಕಿಯ ಬೆಳಕಿಗೆ ಹಿಡಿದರೆ, ಗಾಜಿಗೆ ಅಂಟಿಕೊಂಡು ಸಾಸಿವೆ ಕಾಳಿನಷ್ಟು ಒಂದು ಗುಳ್ಳೆ!

“ಅಣ್ಣಾ! ಬದುಕಿದೆ!”

ಅಣ್ಣ ಒಂದೇ ಕಾಲಿಗೆ ಶೂ ಹಾಕಿಕೊಂಡು ಓಡಿಬಂದ. ಇಬ್ಬರೂ ಮೂಗು ಗಾಜಿಗೆ ಒತ್ತಿ ನೋಡಿದರು. ನೋಡನೋಡುತ್ತಿದ್ದಂತೆ ಇನ್ನೊಂದು ಗುಳ್ಳೆ ಎದ್ದಿತು.

ಶುಕ್ರವಾರ ಶಾಲೆಯಿಂದ ಬಂದಾಗ ಹಿಟ್ಟು ಮುಚ್ಚಳವನ್ನು ಓರೆ ಮಾಡಿ ಹೊರಗೆ ಇಣುಕುತ್ತಿತ್ತು.

ನಾದುವ ಕೆಲಸ ಶುರುವಾಯಿತು. ಮೆಣಸಿನ ತೋಳು ಸೋತಾಗ ಅಣ್ಣ ನಾದಿದ, ಅಣ್ಣ ಸೋತಾಗ ಮೆಣಸು. ಒಣದ್ರಾಕ್ಷಿ ಹಾಕಿದರು. ಸೇಬನ್ನು ಸಣ್ಣಗೆ ಹೆಚ್ಚಿ ಅದನ್ನೂ ಹಾಕಿದರು. ಅಲ್ಲೇ ಎಡವಟ್ಟಾಯಿತು. ಸೇಬು ನೀರು ಬಿಟ್ಟು ಹಿಟ್ಟೆಲ್ಲ ಅಂಟಂಟಾಯಿತು. ಕೈ ಎತ್ತಿದರೆ ಹಿಟ್ಟೂ ಜೊತೆಗೇ ಎದ್ದು ಬಂತು.

“ಬಿಡಲ್ಲ, ನಾನೂ ಬಿಡಲ್ಲ!” ಎಂದು ಮೆಣಸು ಹಿಟ್ಟಿನ ಜೊತೆ ಜಗಳಕ್ಕೇ ನಿಂತಳು. ಒಣ ಹಿಟ್ಟು ಉದುರಿಸಿ ಮಡಚಿದಳು. ಮತ್ತೆ ಉದುರಿಸಿದಳು, ಮತ್ತೆ ಮಡಚಿದಳು. ಕೊನೆಗೆ ಹಿಟ್ಟೇ ಸೋತು ಕೈ ಬಿಟ್ಟಿತು.

ಅದು ಉಬ್ಬಿದ ಮೇಲೆ ಉದ್ದಕ್ಕೆ ಹೊಸೆದು ಬಳೆ ಮಾಡಲು ಕೂತರು. ಎರಡು ತುದಿ ಕೂಡಿಸಿದರೆ ಮತ್ತೆ ಬಿಟ್ಟುಕೊಳ್ಳುತ್ತಿತ್ತು. ಅಮ್ಮ ಬಂದು ಬಗ್ಗಿ ನೋಡಿದಳು.

“ಬರೀ ಮುಟ್ಟಿಸಿದ್ರೆ ನಿಲ್ಲಲ್ಲ ಕಣೇ. ಒಂದು ತುದಿ ಮೇಲೆ ಇನ್ನೊಂದು ತುದಿ ಹತ್ತಿಸು. ಈಗ ಅಂಗೈಲಿ ಉರುಳಿಸು. ಹಾಂ, ಹೊಲಿಗೆ ಕೂತ್ಕೊಳ್ತು ನೋಡು.”

ಹನ್ನೆರಡು ಬಳೆ ಆದವು. ಉಳಿದ ಚೂರಿನಲ್ಲಿ ಒಂದು ಸೊಟ್ಟ ಬಳೆ, ಪರೀಕ್ಷೆಗೆ. ಎಲ್ಲವೂ ರಾತ್ರಿಗೆ ಫ್ರಿಜ್ಜಿಗೆ ಹೋದವು.

ಶನಿವಾರ ಬೆಳಿಗ್ಗೆ ಆರಕ್ಕೇ ಮೆಣಸು ಎದ್ದಳು. ಬಳೆ ತೇಲಿದರೆ ಹಿಟ್ಟು ಸಿದ್ಧ ಎಂದು ಪುಸ್ತಕ ಹೇಳಿತ್ತು. ಸೊಟ್ಟ ಬಳೆಯನ್ನು ತಣ್ಣೀರಿನ ಬೋಗುಣಿಗೆ ಬಿಟ್ಟಳು.

ಅದು ಬುಳಕ್ ಎಂದು ಮುಳುಗಿತು.

“ಕಲ್ಲು,” ಎಂದಳು ಮೆಣಸು.

“ಫ್ರಿಜ್ಜಿಂದ ಈಗ ತಾನೇ ಬಂದಿದೆ, ಪಾಪ,” ಎಂದ ಅಣ್ಣ. “ನಿಂಗೂ ಎದ್ದ ತಕ್ಷಣ ಸ್ನಾನ ಮಾಡು ಅಂದ್ರೆ ಮಾಡ್ತೀಯಾ?” ಅವನು ಓವನ್ ಹಚ್ಚಿ ತಟ್ಟೆಗಳನ್ನು ಅದರ ಪಕ್ಕ ಬೆಚ್ಚಗೆ ಜೋಡಿಸಿದ.

ಏಳಾಯಿತು. ಏಳೂವರೆ ಆಯಿತು. ಬಸ್ಸು ಒಂಬತ್ತೂವರೆಗೆ. ಮೆಣಸು ಗಡಿಯಾರ ನೋಡಿದಳು, ಬಳೆ ನೋಡಿದಳು, ಮತ್ತೆ ಗಡಿಯಾರ ನೋಡಿದಳು. ಎಂಟಕ್ಕೆ ಸೊಟ್ಟ ಬಳೆಯನ್ನು ಮತ್ತೆ ನೀರಿಗೆ ಬಿಟ್ಟಳು. ಅದು ತಳಕ್ಕೆ ಹೋಯಿತು. ಒಂದು ಕ್ಷಣ ಅಲ್ಲೇ ನಿಂತಿತು. ಆಮೇಲೆ ಈಜು ಕಲಿತವರಂತೆ ಮೆಲ್ಲಗೆ ಮೇಲೆದ್ದು ಬಂತು.

“ತೇಲ್ತಿದೆ! ಅಮ್ಮಾ, ತೇಲ್ತಿದೆ!”

ಮುಂದೆ ಯಾರಿಗೂ ಪುರುಸೊತ್ತಿರಲಿಲ್ಲ. ಕುದಿಯುವ ನೀರಿನ ಹತ್ತಿರ ಅಮ್ಮ, ಓವನ್ನಿನ ಹತ್ತಿರ ಅಣ್ಣ, ಇಬ್ಬರಿಗೂ ಆರ್ಡರ್ ಕೊಡುತ್ತಾ ಮೆಣಸು. ಒಂಬತ್ತು ಗಂಟೆಗೆ ಮನೆ ತುಂಬ ಘಮಘಮ. ಹನ್ನೆರಡೂ ಹೊಂಬಣ್ಣಕ್ಕೆ ತಿರುಗಿ ಕೂತಿದ್ದವು. ಸೊಟ್ಟದ್ದನ್ನು ಅಣ್ಣ ಬಾಯಿಗೆ ಹಾಕಿಕೊಂಡ. ಐದು ಬೆರಳನ್ನೂ ನೆಕ್ಕಿದ.

ಶಾಲೆಯಲ್ಲಿ ಡಬ್ಬಿ ಬಿಚ್ಚಿದಾಗ ಬೇಗಲ್ ಇನ್ನೂ ಬೆಚ್ಚಗಿದ್ದವು. ಮೊದಲು ಬಂದವನು ರೇಡಿಯೋ.

“ಕಲ್ಲು ರೆಡೀನಾ?” ಎಂದು ಒಂದು ತುಂಡು ಕಚ್ಚಿದ.

ಹೊರಗೆ ಗರಿಗರಿ, ಒಳಗೆ ಮೆತ್ತಗೆ. ಅವನು ಅಗಿದ. ಇನ್ನೂ ಅಗಿದ. ಕಣ್ಣು ಮುಚ್ಚಿಕೊಂಡು ಅಗಿದ.

“ಏ, ರೇಡಿಯೋ ಬಂದ್ ಆಯ್ತು!” ಎಂದು ಯಾರೋ ಕೂಗಿದರು. ಎಲ್ಲರೂ ಓಡಿಬಂದರು. ಟೀಚರ್ ಬಂದರು, ಗೇಟಿನ ಕಾವಲುಗಾರ ತಾತ ಬಂದರು, ಹೆಡ್‌ಮಾಸ್ಟರ್ ಎರಡು ಸಲ ಬಂದರು. “ಇದನ್ನ ನೀನೇ ಹುಳಿ ಬರಿಸಿದ್ದಾ?” ಎಂದು ಟೀಚರ್ ಕೇಳಿದರೆ, “ಹೌದು ಮಿಸ್, ಸತ್ತೋಗಿತ್ತು, ಬದುಕಿಸಿದ್ವಿ,” ಎಂದಳು ಮೆಣಸು.

ರೇಡಿಯೋ ಮತ್ತೆ ಬಂದು ಕೈ ಚಾಚಿದ. “ಇನ್ನೊಂದಿದೆಯಾ?”

“ಕಲ್ಲು ಖಾಲಿ!” ಎಂದು ಮೆಣಸು ಡಬ್ಬಿಯನ್ನು ಬೋರಲು ಹಾಕಿ ತೋರಿಸಿದಳು. ಈ ಸಲ ಇಡೀ ಕ್ಲಾಸನ್ನು ನಗಿಸಿದ್ದು ಅವಳು. ರೇಡಿಯೋನೂ ನಕ್ಕ.

ಮನೆ ಬಾಗಿಲಲ್ಲೇ ಅಮ್ಮ ಕಾಯುತ್ತಿದ್ದಳು. “ಹೇಗಿತ್ತೇ ರುಚಿ?”

ಹೇಳಬೇಕೆಂದು ಮೆಣಸು ಬಾಯಿ ತೆರೆದಳು. ಅರೆ! ಅವಳು ಒಂದು ಚೂರೂ ತಿಂದಿರಲಿಲ್ಲ! ಆಗ ಕಾವಲುಗಾರ ತಾತ ಬೊಗಸೆಯಲ್ಲಿ ಹಿಡಿದು ತಿಂದದ್ದು ನೆನಪಾಯಿತು. ಕಣ್ಣು ಮುಚ್ಚಿ ಅಗಿಯುತ್ತಿದ್ದ ರೇಡಿಯೋನ ಮುಖವೂ ನೆನಪಾಯಿತು.

“ತುಂಬಾ ಚೆನ್ನಾಗಿತ್ತಮ್ಮ,” ಎಂದಳು.

ಸುಳ್ಳು ಹೇಳಿದಂತೆ ಅವಳಿಗೆ ಅನ್ನಿಸಲೇ ಇಲ್ಲ.