ಬೆಳಕಿಗೆ ತಿರುಗಿದ ಕಲ್ಲುಕರು

ನುಸಿಗುಳಿಗೆಯ ವಾಸನೆ ಎಂದರೆ ನನಗೆ ಅಜ್ಜಿಯ ಪೆಟ್ಟಿಗೆ. ಚಿಕ್ಕಂದಿನಲ್ಲಿ ಅದರೊಳಗೆ ತಲೆ ತೂರಿಸಿ ಬೈಸಿಕೊಂಡಿದ್ದೇನೆ. ವಸ್ತುಸಂಗ್ರಹಾಲಯದ ಹಿಂದಿನ ಕೋಣೆಯಲ್ಲೂ ಅದೇ ವಾಸನೆ. ಆದರೆ ಇಲ್ಲಿ ಬೈಯುವವರು ಯಾರೂ ಇರಲಿಲ್ಲ. ಅಧಿಕಾರಿ, ಕಾವಲುಗಾರ, ಒಬ್ಬ ಹೆಂಗಸು, ಮೂವರೂ ಒಂದು ಗಾಜಿನ ಪೆಟ್ಟಿಗೆಯನ್ನು ನೋಡುತ್ತ ನಿಂತಿದ್ದರು.

ಬಯಲಿನಲ್ಲಿ ಸಿಕ್ಕಿದ್ದ, ಇತಿಹಾಸಕ್ಕೂ ಹಿಂದಿನ ಕಾಲದ ಕಲ್ಲಿನ ಕಾಡೆಮ್ಮೆ ಮಾಯವಾಗಿತ್ತು. ಮುಷ್ಟಿಗಾತ್ರದ್ದು. ಅದರ ಕರು ಮಾತ್ರ ಉಳಿದಿತ್ತು. ಎರಡೂ ಮರುದಿನ ರಾಜಧಾನಿಗೆ ಹೋಗಬೇಕಿತ್ತು.

"ಸಂಜೆಯೊಳಗೆ ಸಿಗದಿದ್ರೆ ಕಾವಲುಗಾರನ ಕೆಲಸ ಹೋಗುತ್ತೆ. ಇರೋ ಕೋಣೆನೂ ಬಿಡಬೇಕು," ಎಂದರು ಅಧಿಕಾರಿ.

ಪೊಲೀಸ್ ಇಲಾಖೆಯಿಂದ ನಿವೃತ್ತಳಾದ ನನ್ನ ತಂಗಿಯನ್ನು ಅವರೇ ಕರೆಸಿದ್ದರು. ಅವಳು ಕಾವಲುಗಾರನತ್ತ ತಿರುಗಿದಳು.

"ಪೆಟ್ಟಿಗೆ ತೆಗೆದಿದ್ದು ನೀವೇನಾ?"

"ಹೌದಮ್ಮ. ಧೂಳು ಒರೆಸಿ, ಎರಡರ ಮುಖಾನೂ ಬಾಗಿಲ ಕಡೆ ಮಾಡಿಟ್ಟೆ. ಬಂದೋರಿಗೆ ಬೆನ್ನು ತೋರಿಸಬಾರದಲ್ಲ. ಆಮೇಲೆ ಪ್ಯಾಕ್ ಮಾಡೋಕೆ ಹುಲ್ಲು ತರೋಣ ಅಂತ ಹೋದೆ."

"ಬೀಗ?"

"ಹಾಕ್ಲಿಲ್ಲ."

"ಆಗ ನೀವೆಲ್ಲಿದ್ರಿ?" ತಂಗಿ ಅಧಿಕಾರಿಯನ್ನು ಕೇಳಿದಳು.

"ಮಹಡಿ ಮೇಲೆ, ಫೋನಿನಲ್ಲಿ," ಎಂದರು ಅಧಿಕಾರಿ. "ಇವನ ಕೈಗೆ ಕೀಲಿ ಕೊಟ್ಟಿದ್ದು, ತೋಳನನ್ನ ಕುರಿ ಕಾಯೋಕೆ ಬಿಟ್ಟ ಹಾಗಾಯ್ತು."

ಮೂರನೆಯವಳು, ಅಲ್ಲಿನ ವಸ್ತುಗಳ ಚಿತ್ರ ಬರೆಯುವ ಹೆಂಗಸು, ತಲೆ ಎತ್ತಲಿಲ್ಲ. "ನಾನು ಈ ಕೋಣೆಗೇ ಬರಲಿಲ್ಲ. ಪಕ್ಕದಲ್ಲಿ ನನ್ನ ಮೇಜಲ್ಲಿದ್ದೆ."

ತಂಗಿ ಪಕ್ಕದ ಕೋಣೆಗೆ ನಡೆದಳು, ನಾನು ಹಿಂದೆ. ಒಂದೇ ಕುರ್ಚಿ, ಒಂದೇ ಲೋಟ. ಗೋಡೆಯ ತುಂಬ ಕಲ್ಲುಪ್ರಾಣಿಗಳ ಚಿತ್ರ, ಎಲ್ಲದರ ಮುಖಕ್ಕೂ ಬೆಳಕು, ಬೆನ್ನ ಹಿಂದೆ ನೆರಳು. ಮರಳಿ ಬಂದಳು.

"ಅಕ್ಕ, ಆ ಕರುವಿನ ಮುಖ ಎತ್ತ ಇದೆ?"

"ಕಿಟಕಿಯತ್ತ."

"ಇವರು ಬಾಗಿಲತ್ತ ಇಟ್ಟಿದ್ರು. ಕದ್ದವರೇ ತಿರುಗಿಸಿದ್ದಾರೆ. ಕಳ್ಳನಿಗೆ, ಬಿಟ್ಟುಹೋಗೋದರ ಮುಖ ಎತ್ತ ಇದ್ರೇನು?" ಅವಳು ಚಿತ್ರಗಾರ್ತಿಯತ್ತ ನೋಡಿದಳು. "ಗೋಡೆ ಮೇಲಿನ ಪ್ರಾಣಿಗಳೆಲ್ಲ ಬೆಳಕಿಗೇ ಮುಖ ಮಾಡಿವೆ. ಕೆತ್ತಿದ ಗೆರೆ ಕಾಣ್ಲಿ ಅಂತ ನೀವು ಮೊದಲು ಹಾಗೆ ತಿರುಗಿಸಿಕೊಳ್ತೀರಿ. ತೆಗೆದುಕೊಂಡಿದ್ದು ನೀವು. ಕೈಗೆ ಅದೇ ಅಭ್ಯಾಸ."

ಚಿತ್ರಗಾರ್ತಿ ತನ್ನ ಚೀಲದಿಂದ ಶಾಲಿನ ಗಂಟೊಂದನ್ನು ತೆಗೆದು ಬಿಚ್ಚಿದಳು. ಕಾಡೆಮ್ಮೆ.

"ಅಭ್ಯಾಸ ಅಲ್ಲ. ಕರು ಒಂಟಿಯಾಗಿ, ಬಾಗಿಲಾಚೆ ಆ ಕತ್ತಲೆ ಓಣಿ ನೋಡ್ತಾ ನಿಂತಿರುತ್ತೆ ಅನ್ನಿಸ್ತು."

"ಎರಡನ್ನೂ ಯಾಕೆ ತಗೊಳ್ಳಲಿಲ್ಲ?" ನಾನೇ ಕೇಳಿದೆ.

"ಎರಡೂ ತಗೊಂಡ್ರೆ ಕಳ್ಳತನ ಆಗುತ್ತಲ್ಲ." ತನ್ನ ಮಾತಿಗೆ ತಾನೇ ಸಣ್ಣಗೆ ನಕ್ಕಳು. "ಮನೇಲಿ ಮಾತಾಡೋರಿಲ್ಲ. ಇದಕ್ಕೂ ಮಾತು ಬರಲ್ಲ. ಚಿತ್ರ ಬರೀತಾ ಬರೀತಾ ಹೊಂದಿಕೊಂಡಿದ್ವಿ."

"ಇವರ ಕೆಲಸ ಹೋಗ್ತಿತ್ತು." ತಂಗಿ ಕಾವಲುಗಾರನತ್ತ ಕೈ ತೋರಿಸಿದಳು.

"ಇಲ್ಲಿ ನಿಂತ ಮೇಲೆ ಗೊತ್ತಾಯ್ತು. ಹೇಳೋಕೆ ಬಾಯಿ ಬರಲಿಲ್ಲ."

ಅಧಿಕಾರಿ ಫೋನ್ ಮಾಡಲು ಮೇಲೆ ಹೋದರು. ಚಿತ್ರಗಾರ್ತಿ ಮೆಟ್ಟಿಲ ಮೇಲೆ ಕುಳಿತಳು. ಕಾವಲುಗಾರ ಅವಳನ್ನು ಸ್ವಲ್ಪ ಹೊತ್ತು ನೋಡಿದ. ಆಮೇಲೆ ಒಳಗೆ ಹೋಗಿ, ತಾನು ಮಧ್ಯಾಹ್ನ ಉಣ್ಣಲಾಗದೆ ಬಿಟ್ಟಿದ್ದ ಊಟದ ಡಬ್ಬಿ ತಂದು, ಮುಚ್ಚಳ ತೆಗೆದು, ಅವಳ ಕೈಗಿಟ್ಟ.